ಹಿರಿಯ ಮಗಳ ಮನೆ

ಇನ್ನೂರು ವರ್ಷಗಳಿಗೂ ಹಿಂದೆ ಚಾಮರಾಜನಗರಕ್ಕೆ ಅರಿಕುಠಾರ ಎಂದು ಹೆಸರು. 1774ರಲ್ಲಿ ಅಲ್ಲಿನ ಅರಸು ಮನೆತನವೊಂದರಲ್ಲಿ ಗಂಡುಮಗು ಹುಟ್ಟಿತು. ಮೈಸೂರಿನ ಗಾದಿ ಬರಿದಾದಾಗ ಹೈದರಾಲಿ ಅರಸು ಮನೆಗಳ ಮಕ್ಕಳನ್ನೆಲ್ಲ ಒಂದು ಹಜಾರಕ್ಕೆ ಕರೆಸಿ, ನೆಲದ ತುಂಬ ಆಟದ ಸಾಮಾನು ಹರಡಿಸಿದನಂತೆ. ಉಳಿದ ಮಕ್ಕಳು ಬಣ್ಣದ ಬೊಂಬೆಗಳಿಗೆ, ಹಣ್ಣುಗಳಿಗೆ ಮುಗಿಬಿದ್ದರೆ ಅರಿಕುಠಾರದ ಮಗು ಕಠಾರಿಗೆ ಕೈ ಹಾಕಿತಂತೆ. ಬ್ರಿಟಿಷ್ ಇತಿಹಾಸಕಾರ ವಿಲ್ಕ್ಸ್ ಬರೆದಿಟ್ಟ ಈ ಕಥೆಯನ್ನು ಚಾಮರಾಜನಗರದ ಸೀಮೆಯಲ್ಲಿ ಇಂದಿಗೂ ಹೇಳುವವರಿದ್ದಾರೆ. ಆ ಮಗುವೇ ಖಾಸಾ ಚಾಮರಾಜ ಒಡೆಯರು. ಹೆಸರಿಗೆ ರಾಜರಾಗಿಯೇ ಬಾಳಿ 1796ರಲ್ಲಿ ತೀರಿಕೊಂಡ ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು. ತಂದೆ ಹುಟ್ಟಿದ ಊರು ಅರಿಕುಠಾರವೆಂಬ ನೆನಪಿಗೆ ಮುಮ್ಮಡಿಯವರು 1818ರಲ್ಲಿ ಊರಿಗೆ ಚಾಮರಾಜನಗರ ಎಂದು ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದರು. ತಂದೆ ಹುಟ್ಟಿದ ಜಾಗದಲ್ಲಿ ಜನನ ಮಂಟಪ ಎದ್ದಿತು.

ಗಂಡುಮಗುವೊಂದು ಹುಟ್ಟಿದ ನೆನಪಿಗೆ ಒಂದು ಊರಿನ ಹೆಸರನ್ನೇ ಬದಲಿಸಿದ ರಾಜಮನೆತನ, ಮೂರು ತಲೆಮಾರು ಕಳೆದ ಮೇಲೆ ತನ್ನ ಹಿರಿಯ ಹೆಣ್ಣುಮಗಳಿಗೆ ಒಂದು ಮನೆ ಕಟ್ಟಿಸಿಕೊಟ್ಟಿತು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಆಚೆ ದಿಣ್ಣೆಯ ಮೇಲೆ ನಿಂತಿರುವ ಜಯಲಕ್ಷ್ಮಿ ವಿಲಾಸವೇ ಆ ಮನೆ. ಮೈಸೂರಿನವರ ಪಾಲಿಗೆ ಅದು ವಿಶ್ವವಿದ್ಯಾನಿಲಯದ ಹಳೆಯ ಬಂಗಲೆ. ಕಪಿಲೆಯಿಂದ ತೆಂಕಣಕ್ಕಿರುವ ನಮ್ಮ ಸೀಮೆಯಲ್ಲಿ ನಿಂತು ನೋಡಿದರೆ ಅದರ ಬೇರುಗಳು ಬೇರೆಯಾಗಿಯೇ ಕಾಣುತ್ತವೆ. ಒಡೆಯರಿಗೆ ಹೆಣ್ಣು ಕೊಟ್ಟ, ಮಕ್ಕಳನ್ನು ದತ್ತು ಕೊಟ್ಟ ಅರಸು ಮನೆತನಗಳ ಹೆಸರುಗಳಲ್ಲಿ ಅರಿಕುಠಾರ, ಬೆಟ್ಟದಕೋಟೆ, ಕಳಲೆ, ಮೂಗೂರು ಮತ್ತೆ ಮತ್ತೆ ಬರುತ್ತವೆ. ಗುಂಡ್ಲುಪೇಟೆಯ ಗೋಪಾಲಸ್ವಾಮಿ ಬೆಟ್ಟದ ನೆತ್ತಿಯ ಹಳೆಯ ಕೋಟೆಗೆ ಬೆಟ್ಟದಕೋಟೆ ಎಂದೇ ಹೆಸರಿತ್ತು. ಗುಂಡ್ಲುಪೇಟೆಗೆ ಹೋಗುವ ದಾರಿಯ ನಂಜನಗೂಡಿಗೆ ಕಳಲೆ ಕೂಗಳತೆಯ ದೂರ. ಜಯಲಕ್ಷ್ಮಿ ವಿಲಾಸದ ಗಂಡ ಹೆಂಡಿರ ನೆಂಟಸ್ತಿಕೆಯನ್ನು ಬಿಡಿಸುತ್ತ ಹೋದರೆ ಸಿಗುವುದು ಈ ಊರುಗಳೇ.

ಹಿರಿಯ ಮಗಳ ತಂದೆ ಚಾಮರಾಜೇಂದ್ರ ಒಡೆಯರು ಹುಟ್ಟಿದ್ದು 1863ರಲ್ಲಿ, ಬೆಟ್ಟದಕೋಟೆ ಮನೆತನದಲ್ಲಿ. ಮುಮ್ಮಡಿಯವರು 1865ರಲ್ಲಿ ಅವರನ್ನು ದತ್ತು ತೆಗೆದುಕೊಂಡಾಗ ಮೈಸೂರಿನ ಆಡಳಿತ ಒಡೆಯರ ಕೈಯಲ್ಲಿರಲಿಲ್ಲ. 1831ರಲ್ಲಿಯೇ ಅದನ್ನು ಕಂಪನಿ ಸರ್ಕಾರ ಕಿತ್ತುಕೊಂಡಿತ್ತು. ಐವತ್ತು ವರ್ಷ ಕಮಿಷನರುಗಳು ಆಳಿದ ಮೇಲೆ 1881ರ ಮಾರ್ಚ್ 25ರಂದು ಹದಿನೆಂಟರ ಹರೆಯದ ಚಾಮರಾಜೇಂದ್ರರಿಗೆ ರಾಜ್ಯ ಮರಳಿ ಬಂತು, ಆದರೆ ಷರತ್ತುಗಳೊಂದಿಗೆ. 1799ರಿಂದ ಬ್ರಿಟಿಷರಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಸಲ್ಲುತ್ತಿದ್ದ ಪೊಗದಿ 35 ಲಕ್ಷಕ್ಕೆ ಏರಿತು. ಲಕ್ಷಗಟ್ಟಲೆ ಜನರನ್ನು ನುಂಗಿದ 1876–78ರ ಬರದಿಂದ ರಾಜ್ಯ ಇನ್ನೂ ಎದ್ದಿರಲಿಲ್ಲವಾಗಿ, ಏರಿಕೆಯ ಹಣವನ್ನು ಕೆಲವು ವರ್ಷ ಮುಂದೂಡಬೇಕಾಯಿತು. ಹಳ್ಳಿಯ ಕಂದಾಯದ ದೊಡ್ಡ ಪಾಲು ವರ್ಷವರ್ಷವೂ ಹೊರಗೆ ಹರಿಯುತ್ತಿದ್ದ ಕಾಲವದು. ಮೈಸೂರಿನ ಅರಮನೆ, ಬಂಗಲೆಗಳ ಲೆಕ್ಕ ನೋಡುವಾಗ ಈ 35 ಲಕ್ಷವನ್ನು ಪಕ್ಕದಲ್ಲಿ ಇಟ್ಟುಕೊಂಡೇ ನೋಡಬೇಕು.

1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋಗಿದ್ದ ಚಾಮರಾಜೇಂದ್ರರು ಗಂಟಲಮಾರಿಯಿಂದ ಅಲ್ಲಿಯೇ ತೀರಿಕೊಂಡರು. ಆಗ ಅವರ ವಯಸ್ಸು ಮೂವತ್ತೊಂದು. ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಗೆ ಇಪ್ಪತ್ತೆಂಟು. ಮಡಿಲಲ್ಲಿ ಮೂವರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು. ಗಾದಿಗೆ ಬರಬೇಕಾದ ಹುಡುಗ ಕೃಷ್ಣರಾಜನಿಗೆ ಹತ್ತು ವರ್ಷ. ವಾಣಿವಿಲಾಸ ಸನ್ನಿಧಾನ ಎಂಬ ಬಿರುದಿನಲ್ಲಿ ಅವರು ಮಗನ ಪರವಾಗಿ ರಾಜ್ಯಭಾರ ಹೊತ್ತರು. ದಿವಾನ್ ಶೇಷಾದ್ರಿ ಅಯ್ಯರ್ ಕಛೇರಿಯ ಕೆಲಸ ನೋಡಿಕೊಂಡರು. ಅರಮನೆಯೊಳಗಿನ ಭಾರ ಹೊರಲು ತವರಿನವರು ಬೇಕಿತ್ತು. ಕಳಲೆ ಮನೆತನದ ಈ ತಾಯಿಗೆ ಕಾಂತರಾಜ ಅರಸು ಎಂಬ ತಮ್ಮನಿದ್ದರು. 1870ರಲ್ಲಿ ಹುಟ್ಟಿದವರು, ಓದಿಕೊಂಡವರು. ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯನ್ನು ಕೊಡುವುದು ಆ ತಮ್ಮನಿಗೇ ಎಂದು ನಿಶ್ಚಯವಾಯಿತು.

ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ, ಅದನ್ನು ಯಾರೂ ವಿಶೇಷವೆಂದು ಎಣಿಸುವುದೂ ಇಲ್ಲ. ಈ ಮದುವೆಗೆ ಮಾತ್ರ ಇನ್ನೊಂದು ಅರ್ಥವಿತ್ತು. ಗಂಡನಿಲ್ಲದ ರಾಣಿ, ಪ್ರಾಯಕ್ಕೆ ಬಾರದ ರಾಜ, ಬಾಗಿಲಲ್ಲಿ ನಿಂತ ಬ್ರಿಟಿಷ್ ರೆಸಿಡೆಂಟ್: ಇಂಥ ಹೊತ್ತಿನಲ್ಲಿ ಹಿರಿಯ ಮಗಳು ಮನೆಯ ಹೊರಗೆ ಹೋಗದೆ, ನಂಬಿಕೆಯ ಗಂಡಸೊಬ್ಬ ಮನೆಯ ಒಳಗೇ ಉಳಿಯುವ ಏರ್ಪಾಡು ಅದು. ಹುಡುಗ ರಾಜನಿಗೆ ಕಾಂತರಾಜ ಅರಸು ಸೋದರಮಾವನೂ ಹೌದು, ಮುಂದೆ ಭಾವನೂ ಹೌದು.

ಮದುವೆ 1897ರ ಫೆಬ್ರವರಿಯಲ್ಲಿ. ಅರಮನೆಯೆಂದರೆ ಆಗ ಇದ್ದದ್ದು ಮರದ ಅರಮನೆ. ಟಿಪ್ಪು ಹಳೆಯ ಅರಮನೆಯನ್ನು ಕೆಡವಿಸಿದ್ದರಿಂದ, 1799ರಲ್ಲಿ ಐದು ವರ್ಷದ ಮುಮ್ಮಡಿಯವರಿಗೆ ಪಟ್ಟವಾದ ಮೇಲೆ ಅವಸರದಲ್ಲಿ ಎದ್ದು 1803ರ ಹೊತ್ತಿಗೆ ಮುಗಿದ ಕಟ್ಟಡ ಅದು. ತೊಲೆ, ಕಂಬ, ಜಂತೆ, ಮಾಡ, ಕೆತ್ತನೆ ಎಲ್ಲವೂ ಮರ. ತೊಂಬತ್ತು ಬೇಸಿಗೆಗಳಲ್ಲಿ ಒಣಗಿದ ಮರ. ಮದುವೆಯ ಸಂಭ್ರಮ ನಡೆದಿದ್ದಾಗಲೇ ಫೆಬ್ರವರಿ 28ರಂದು ಬೆಂಕಿ ಹತ್ತಿತು. ಮರದಿಂದ ಮರಕ್ಕೆ ಹಬ್ಬಿದ ಉರಿಯನ್ನು ತಡೆಯುವುದು ಯಾರಿಂದಲೂ ಆಗಲಿಲ್ಲ. ಮುಮ್ಮಡಿಯವರ ಕಾಲದ ಅರಮನೆಯ ಬಹುಭಾಗ ಬೂದಿಯಾಯಿತು.

ಮೈಸೂರು ನಗರ ಈಗ ಹೇಗಿದೆಯೋ ಹಾಗಿರುವುದಕ್ಕೆ ಆ ದಿನಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ರಾಜಮನೆತನ ಜಗನ್ಮೋಹನ ಅರಮನೆಗೆ ಬಿಡಾರ ಬದಲಿಸಿತು. ಶಿಮ್ಲಾದಲ್ಲಿ ವೈಸರಾಯ್ ನಿವಾಸ ಕಟ್ಟಿದ್ದ ಹೆನ್ರಿ ಇರ್ವಿನ್‌ಗೆ ಕರೆ ಹೋಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ಅರಮನೆಯ ಕೆಲಸ ತೊಡಗಿ 1912ರಲ್ಲಿ ಮುಗಿಯಿತು. ಖರ್ಚು 41,47,913 ರೂಪಾಯಿ. ಮರದ ಜಾಗಕ್ಕೆ ಕಲ್ಲು ಬಂತು, ಕಬ್ಬಿಣ ಬಂತು, ಬಣ್ಣದ ಗಾಜು ಬಂತು. ಬೆಂಕಿಯಾದ ಮರುವರ್ಷವೇ ಪ್ಲೇಗ್. 1898ರಲ್ಲಿ ಬೆಂಗಳೂರನ್ನು ಹೊಕ್ಕ ಮಾರಿ ಮೈಸೂರಿಗೂ ಬಂತು. ಕೋಟೆಯ ಸುತ್ತ ಒತ್ತೊತ್ತಾಗಿದ್ದ ಕೇರಿಗಳು ಸಾವಿನ ಮನೆಗಳಾದವು. ಊರನ್ನು ಬಿಡಿಸಿ ಹರಡಬೇಕು, ಗಾಳಿ ಬೆಳಕು ಬರಬೇಕು ಎಂಬ ಯೋಚನೆ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯ ರೂಪ ತಾಳಿತು. ದೇಶದಲ್ಲಿ ಇಂಥ ಮಂಡಳಿಗಳು ಆಗಿನ್ನೂ ಬೆರಳೆಣಿಕೆ. ಮೈಸೂರಿನ ದೊಡ್ಡ ಮನೆಗಳು ಕೋಟೆಯ ನಂಟು ಬಿಟ್ಟು ದಿಣ್ಣೆಗಳ ಮೇಲೆ, ಕೆರೆಗಳ ಬದಿಯಲ್ಲಿ, ಮರದ ತೋಪುಗಳ ನಡುವೆ ಎದ್ದದ್ದು ಇದೇ ದಶಕದಲ್ಲಿ.

ಈ ಕಟ್ಟಡಗಳನ್ನು ಹೇಗೆ ಓದಬೇಕೆಂಬುದರಲ್ಲಿ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆಳುವ ಶಕ್ತಿ ಕಳೆದುಕೊಂಡ ದೇಶೀ ರಾಜರಿಗೆ ಉಳಿದದ್ದು ಆಡಂಬರ ಒಂದೇ, ಕಿರೀಟ ಒಳಗೆ ಟೊಳ್ಳಾಗಿತ್ತು ಎಂಬ ವಾದವನ್ನು ಪುದುಕೋಟೆಯ ಸಂಸ್ಥಾನವನ್ನಿಟ್ಟುಕೊಂಡು ನಿಕೊಲಸ್ ಡರ್ಕ್ಸ್ ಮಂಡಿಸಿದರು. ಮೈಸೂರಿನ ಬಗ್ಗೆ ಕೆಲಸ ಮಾಡಿದ ಜಪಾನಿನ ವಿದ್ವಾಂಸೆ ಅಯಾ ಇಕೆಗಾಮೆ ಅದನ್ನು ಒಪ್ಪುವುದಿಲ್ಲ. ಅರಸು ಕುಲದ ಮದುವೆಗಳು, ಮಕ್ಕಳ ವಿದ್ಯಾಭ್ಯಾಸ, ಅರಮನೆಯ ಸುತ್ತ ನಗರ ಬೆಳೆದ ಬಗೆ, ಇವುಗಳ ಮೂಲಕವೇ ರಾಜತ್ವ ಹೊಸ ಜೀವ ಪಡೆಯಿತು ಎಂಬುದು ಅವರ ನಿಲುವು. ಮೈಸೂರಿನ ಆಧುನಿಕತೆ ಇಂಗ್ಲೆಂಡಿನ ನಕಲಲ್ಲ, ತನ್ನದೇ ತೊಡಕುಗಳಿರುವ ಒಂದು ದಾರಿ ಎಂದು ಜಾನಕಿ ನಾಯರ್ ವಿಸ್ತಾರವಾಗಿ ಬರೆದಿದ್ದಾರೆ. ಜಯಲಕ್ಷ್ಮಿ ವಿಲಾಸದ ಮಟ್ಟಿಗೆ ಇಕೆಗಾಮೆಯವರ ಮಾತೇ ಹೆಚ್ಚು ಸರಿ. ಈ ಮನೆಯಲ್ಲಿ ಆಡಂಬರವಿಲ್ಲವೆಂದಲ್ಲ. ಆದರೆ ಅದು ಹುಟ್ಟಿದ್ದು ಒಂದು ನೆಂಟಸ್ತಿಕೆಯನ್ನು ನೆಲೆಗೊಳಿಸುವುದಕ್ಕಾಗಿ. ಕಳಲೆಯ ಅಳಿಯನಿಗೂ ಅರಮನೆಯ ಮಗಳಿಗೂ ಅವರದೇ ಆದ ಅಂತಸ್ತಿನ ಬಿಡಾರ ಬೇಕಿತ್ತು.

ಮೂವರು ಹೆಣ್ಣುಮಕ್ಕಳಿಗೂ ಒಂದೊಂದು ಮನೆಯಾಯಿತು. ಎರಡನೆಯವರು ಕೃಷ್ಣಾಜಮ್ಮಣ್ಣಿ, ಅವರಿಗೆ ಕಾರಂಜಿ ಕೆರೆಯ ಬಳಿ. ಕಿರಿಯವರು ಚೆಲುವಾಜಮ್ಮಣ್ಣಿ, ಅವರದು ಚೆಲುವಾಂಬ ವಿಲಾಸ. ಹಿರಿಯ ಮಗಳ ಮನೆ 1905ರಲ್ಲಿ ಸಿದ್ಧವಾಯಿತು. ಅಷ್ಟರಲ್ಲಿ ತಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು ಪ್ರಾಯಕ್ಕೆ ಬಂದು, 1902ರಲ್ಲಿ ವೈಸರಾಯ್ ಕರ್ಜನ್ ಎದುರಿಗೆ ಜಗನ್ಮೋಹನ ಅರಮನೆಯಲ್ಲಿ ಅಧಿಕಾರ ವಹಿಸಿಕೊಂಡಿದ್ದರು. ಮನೆಗೆ ತಗುಲಿದ ಖರ್ಚು 7 ಲಕ್ಷ ರೂಪಾಯಿ ಎಂದು ಲೆಕ್ಕ. ಹೊಸ ಅರಮನೆಯ ಖರ್ಚಿನ ಸುಮಾರು ಆರರಲ್ಲೊಂದು ಪಾಲು, ಬ್ರಿಟಿಷರಿಗೆ ಸಲ್ಲುತ್ತಿದ್ದ ವಾರ್ಷಿಕ ಪೊಗದಿಯ ಐದರಲ್ಲೊಂದು ಪಾಲು.

ಜಾಗ ಆರಿಸಿದವರ ಕಣ್ಣು ಮೆಚ್ಚಬೇಕು. ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿಯವರು ಊರಾಚೆಯ ಹೊಲಗದ್ದೆಗಳ ನೀರಿಗೆಂದು ಕಟ್ಟಿಸಿದ್ದರು. ಕೆರೆಯ ಹಿಂದಿನ ದಿಣ್ಣೆಯ ಮೇಲೆ ನಿಂತರೆ ನೀರಿನಾಚೆ ಊರು, ಊರಿನಾಚೆ ಚಾಮುಂಡಿ ಬೆಟ್ಟ. ಆ ದಿಣ್ಣೆಯ ಉದ್ದಕ್ಕೂ ಚಾಚಿಕೊಂಡಂತೆ ಮನೆಯನ್ನು ಕಟ್ಟಿದ್ದಾರೆ. ಎದುರಿಗೆ ನಿಂತವರ ಕಣ್ಣಿಗೆ ಮೊದಲು ಬೀಳುವುದು ಅದರ ಉದ್ದ, ಆಮೇಲೆ ಕಂಬಗಳು. ಜೋಡಿಜೋಡಿಯಾಗಿ ನಿಂತ ಎತ್ತರದ ಕಂಬಗಳು, ತಲೆಯಲ್ಲಿ ಎಲೆ ಸುರುಳಿಯ ಕೊರಿಂಥಿಯನ್ ಬೋದಿಗೆ. ಗೋಡೆಗೆ ಅಂಟಿಕೊಂಡ ಚೌಕದ ಅರೆಗಂಬಗಳು. ಮೇಲೆ ಗ್ರೀಕ್ ಗುಡಿಗಳಲ್ಲಿರುವಂಥ ಮುಕ್ಕೋನದ ಮುಂಗಟ್ಟು. ಅದರ ಹತ್ತಿರ ಮೊಟ್ಟೆಯಾಕಾರದ ಗಾಳಿಕಿಂಡಿಗಳು. ಇಷ್ಟು ನೋಡಿ ಇದು ಲಂಡನ್ನಿನದೋ ಪ್ಯಾರಿಸ್ಸಿನದೋ ಮಾದರಿ ಎಂದುಕೊಳ್ಳುವಷ್ಟರಲ್ಲಿ ಮುಕ್ಕೋನದ ನಡುವೆ ಗಜಲಕ್ಷ್ಮಿ ಕಾಣುತ್ತಾಳೆ. ಎಡಬಲದಲ್ಲಿ ಆನೆ, ನಡುವೆ ತಾಯಿ. ನಮ್ಮ ಹಳ್ಳಿಮನೆಯ ಬಾಗಿಲವಾಡದ ಮೇಲೆ ಬಡಗಿ ಕೆತ್ತುವ ಅದೇ ಲಕ್ಷ್ಮಿ.

ಒಳಗೆ ಹೋದರೆ ಮನೆ ಮೂರು ಭಾಗವಾಗಿ ಬಿಚ್ಚಿಕೊಳ್ಳುತ್ತದೆ. ಕೋಣೆಗಳು 125, ಕಿಟಕಿಗಳು 300, ಕೆತ್ತನೆಯ ಬಾಗಿಲುಗಳು 287 ಎಂದು ಎಣಿಕೆ. ನಡುಭಾಗದ ಕಲ್ಯಾಣ ಮಂಟಪವನ್ನು ನೋಡಿದವರು ಮರೆಯಲಾರರು. ಎಂಟು ಮೂಲೆಯ ಮಾಡು, ಹೂವಿನ ದಳಗಳ ಹಾಗೆ ಏರಿ ಕೂಡುವ ಗುಮ್ಮಟ, ನಡುವೆ ಬಣ್ಣದ ಗಾಜು. ಬಿಸಿಲೇರಿದಂತೆ ಆ ಗಾಜಿನ ಬಣ್ಣ ನೆಲದ ಮೇಲೆ ಜಾಗ ಬದಲಿಸುತ್ತದೆ. ದೊಡ್ಡ ಅರಮನೆಯ ಕಲ್ಯಾಣ ಮಂಟಪವನ್ನು ಕಂಡವರಿಗೆ ಇದು ಅದರ ತಂಗಿಯಂತೆ ಕಾಣುತ್ತದೆ. ಕಟ್ಟಿ ಮುಗಿದ ಲೆಕ್ಕದಲ್ಲಿ ಇದೇ ಅಕ್ಕ: ಇದು 1905ರದು, ಅದು 1912ರದು. ಇನ್ನೊಂದು ಭಾಗದಲ್ಲಿ ಭುವನೇಶ್ವರಿ ಮಂಟಪ. ಅಲ್ಲಿ ಗಾಜಿನ ಮಾತಿಲ್ಲ, ಎಲ್ಲವೂ ಮರದ ಕೆತ್ತನೆ. ಗಟ್ಟಿಮರದ ಕಂಬ, ಬಾಗಿಲು, ತೋರಣಗಳಲ್ಲಿ ಮೈಸೂರಿನ ಶಿಲ್ಪಿಗಳು ತಮ್ಮ ಪರಂಪರೆಯ ಬಳ್ಳಿ, ಹಂಸ, ದೇವತೆಗಳನ್ನು ಬಿಡಿಸಿದ್ದಾರೆ. ಅರಮನೆಯಲ್ಲಿ ಕೆಲಸ ಮಾಡಿದ ಶಿಲ್ಪಿ ಸಿದ್ಧಲಿಂಗಸ್ವಾಮಿಯವರ ಹೆಸರನ್ನು ಈ ಕೆತ್ತನೆಯ ಜೊತೆ ಹೇಳುತ್ತಾರೆ.

ಮೈಸೂರಿನ ಈ ಕಾಲದ ಕಟ್ಟಡಗಳನ್ನೆಲ್ಲ ಒಟ್ಟಾಗಿ ಇಂಡೋ-ಸಾರ್ಸೆನಿಕ್ ಎಂದುಬಿಡುವ ರೂಢಿಯಿದೆ. ಕಮಾನು, ಗುಮ್ಮಟ, ಛತ್ರಿಗಳ ದೊಡ್ಡ ಅರಮನೆಗೆ ಆ ಮಾತು ಒಪ್ಪುತ್ತದೆ. ಜಯಲಕ್ಷ್ಮಿ ವಿಲಾಸಕ್ಕೆ ಒಪ್ಪುವುದಿಲ್ಲ. ಇದರ ಮೈ ಯುರೋಪಿನ ಶಾಸ್ತ್ರೀಯ ಶೈಲಿಯದು, ಒಳಗಿನ ಬಾಳು ಮಾತ್ರ ಅರಸು ಮನೆಯದು: ಹೆಂಗಸರ ಓಡಾಟಕ್ಕೆ ಬೇರೆ ಪಡಸಾಲೆ, ಪೂಜೆಗೆ ಬೇರೆ ಜಾಗ, ಮದುವೆ ಮುಂಜಿಗೆ ಮಂಟಪ. ಹೊರಗಿನವರಿಗೆ ತೋರಿಸುವ ಮುಖ ಒಂದು, ಮನೆಯವರು ಬದುಕುವ ರೀತಿ ಇನ್ನೊಂದು. ಬ್ರಿಟಿಷರ ನೆರಳಿನಲ್ಲಿ ಬಾಳಿದ ಸಂಸ್ಥಾನಕ್ಕೆ ಇವೆರಡನ್ನೂ ಒಂದೇ ಸೂರಿನಡಿ ಇಟ್ಟುಕೊಳ್ಳುವ ಕಲೆ ಬಂದಿತ್ತು.

ಕಟ್ಟಿದವರ ವಿಷಯಕ್ಕೆ ಬಂದರೆ, ಆಗಿನ ಮೈಸೂರಿನ ದೊಡ್ಡ ಕಟ್ಟಡಗಳಿಗೆ ಸಿಮೆಂಟಿಲ್ಲ. ಸುಟ್ಟ ಇಟ್ಟಿಗೆ, ಸುಣ್ಣದ ಗಾರೆ, ಮರದ ತೊಲೆ. ಸುಣ್ಣ ಮರಳನ್ನು ಗಾಣದಲ್ಲಿ ಅರೆದು, ಬೆಲ್ಲ ಅಳಲೆಕಾಯಿಯ ನೀರು ಸೇರಿಸಿ ಹದ ಮಾಡುತ್ತಿದ್ದರು. ತಾರಸಿಗೆ ಜಂತೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ ಒತ್ತಾಗಿ ನಿಲ್ಲಿಸಿ, ಮೇಲೆ ಇಟ್ಟಿಗೆಚೂರಿನ ಸುಣ್ಣಗಾರೆ ಹಾಸಿ, ಹೆಣ್ಣಾಳುಗಳು ಸಾಲಾಗಿ ಕೂತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು ಗಟ್ಟಿ ಮಾಡುತ್ತಿದ್ದರು. ಮದ್ರಾಸು ತಾರಸಿ ಎಂದು ಅದಕ್ಕೆ ಹೆಸರು. ಹೀಗೆ ಕಟ್ಟಿದ ಮನೆ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಅದಕ್ಕೆ ಇರುವ ಒಬ್ಬನೇ ಶತ್ರು ನೀರು. ತಾರಸಿಯ ಮೇಲೆ ಅರಳಿ ಗಿಡವೊಂದು ಬೇರು ಬಿಟ್ಟರೆ, ಬಿರುಕಿನಲ್ಲಿ ಎರಡು ಮಳೆಗಾಲ ನೀರಿಳಿದರೆ, ಜಂತೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಈ ಮಾತನ್ನು ಇಲ್ಲಿ ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ, ನೂರು ವರ್ಷಗಳ ಮೇಲೆ ಈ ಮನೆಯ ಗತಿ ಅದರಿಂದಲೇ ನಿರ್ಧಾರವಾಯಿತು.

ಮನೆಯ ಯಜಮಾನ ಕಾಂತರಾಜ ಅರಸು ಸಂಸ್ಥಾನದ ಸರ್ಕಾರಿ ಕೆಲಸದಲ್ಲಿ ಮೇಲೇರುತ್ತ ಹೋದರು. 1918ರ ಹೊತ್ತಿಗೆ ಮೈಸೂರಿನ ರಾಜಕೀಯ ಕಾದಿತ್ತು. ಸರ್ಕಾರಿ ನೌಕರಿಯೆಲ್ಲ ಒಂದೇ ಜಾತಿಯವರ ಕೈಯಲ್ಲಿದೆ, ಉಳಿದವರಿಗೂ ಪಾಲು ಬೇಕು ಎಂದು ಪ್ರಜಾಮಿತ್ರ ಮಂಡಳಿ ಕೂಗೆಬ್ಬಿಸಿತ್ತು. ನಾಲ್ವಡಿಯವರು ಆ ವರ್ಷ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅರ್ಹತೆಯೊಂದೇ ಅಳತೆಗೋಲಾಗಬೇಕೆಂದು ನಂಬಿದ್ದ ದಿವಾನ್ ವಿಶ್ವೇಶ್ವರಯ್ಯನವರು ಅಧಿಕಾರ ಬಿಟ್ಟರು. ಆ ಜಾಗಕ್ಕೆ ಬಂದವರು ಕಾಂತರಾಜ ಅರಸು. 1919ರಿಂದ 1922ರವರೆಗೆ ಅವರು ದಿವಾನರು. ಮಿಲ್ಲರ್ ವರದಿ ಬಂದದ್ದು, 1921ರಲ್ಲಿ ಹಿಂದುಳಿದ ವರ್ಗಗಳಿಗೆ ನೌಕರಿಯಲ್ಲಿ ಪಾಲು ಕೊಡುವ ಆದೇಶ ಹೊರಬಿದ್ದದ್ದು ಅವರ ಕಾಲದಲ್ಲಿ.

ಕೆಲವರು ಇದನ್ನು ಪೂರಾ ನಾಲ್ವಡಿಯವರ ಇಚ್ಛೆ ಎನ್ನುತ್ತಾರೆ, ಕೆಲವರು ಮಂಡಳಿಯ ಒತ್ತಡ ಎನ್ನುತ್ತಾರೆ. ಮೇಲ್ವರ್ಗದ ಗುಂಪುಗಳ ನಡುವಿನ ಹಂಚಿಕೆಯೇ ಹೊರತು ರೈತಾಪಿ ಜನಕ್ಕೆ ಏನೂ ದಕ್ಕಲಿಲ್ಲ ಎಂಬ ಟೀಕೆಯೂ ಇದೆ. ಮೊದಲ ವರ್ಷಗಳಲ್ಲಿ ಅದು ನಿಜವೇ. ಆದರೆ ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರಿನ ಹಳ್ಳಿಗಳಿಂದ ಮೈಸೂರಿನ ಹಾಸ್ಟೆಲುಗಳಿಗೆ ಬಂದು ಓದಿದ ಒಕ್ಕಲು ಮಕ್ಕಳ ತಲೆಮಾರುಗಳಿಗೆ ಬಾಗಿಲು ತೆರೆದ ಆದೇಶಗಳಲ್ಲಿ ಇದು ಮೊದಲನೆಯದು. ವಿಶ್ವೇಶ್ವರಯ್ಯನವರ ಹೆಸರಿನ ದೊಡ್ಡ ನೆರಳಿನಲ್ಲಿ ಕಾಂತರಾಜ ಅರಸು ಮರೆಯಾಗಿಬಿಟ್ಟರು. ಮೈಸೂರಿನಲ್ಲಿ ಒಂದು ರಸ್ತೆಗೆ ಅವರ ಹೆಸರಿದೆ, ಅಷ್ಟೇ. 1923ರಲ್ಲಿ ಅವರು ತೀರಿಕೊಂಡರು.

ಆಮೇಲಿನ ಮೂವತ್ತು ವರ್ಷಗಳಲ್ಲಿ ಇಂಥ ಮನೆಗಳನ್ನು ನಡೆಸುವ ಕಾಲವೇ ಮುಗಿಯಿತು. ಸ್ವಾತಂತ್ರ್ಯ ಬಂತು, ಸಂಸ್ಥಾನ ವಿಲೀನವಾಯಿತು. ಮೂವರು ಅಕ್ಕತಂಗಿಯರ ಮನೆಗಳೂ ಒಂದೊಂದಾಗಿ ಸಾರ್ವಜನಿಕರ ಕೆಲಸಕ್ಕೆ ಬಂದವು. ಕಿರಿಯವರ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ ತೊಡಗಿತು. ಎರಡನೆಯವರ ಕಾರಂಜಿ ವಿಲಾಸ ಅಂಚೆ ಇಲಾಖೆಯ ತರಬೇತಿ ಕೇಂದ್ರವಾಯಿತು. ಆ ಕೃಷ್ಣಾಜಮ್ಮಣ್ಣಿಯವರು ಕ್ಷಯರೋಗದಿಂದ ಎಳೆಯ ಪ್ರಾಯದಲ್ಲಿಯೇ ತೀರಿಕೊಂಡಿದ್ದರು. ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂ ಎಂದು ಹಳ್ಳಿಹಳ್ಳಿಗೂ ಗೊತ್ತಿರುವ ಕ್ಷಯದ ಆಸ್ಪತ್ರೆಯ ಹೆಸರಿನಲ್ಲಿರುವುದು ಅವರೇ. ನಮ್ಮ ಕಡೆಯ ಎಷ್ಟೋ ಮನೆಗಳ ಹಿರಿಯರು ಆ ಆಸ್ಪತ್ರೆಯಿಂದ ಜೀವ ಉಳಿಸಿಕೊಂಡು ಬಂದವರು.

ಹಿರಿಯ ಮಗಳ ಮನೆಗೆ ತಿರುವು ಬಂದದ್ದು 1959ರಲ್ಲಿ. ಕುವೆಂಪು ಆಗ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳು. ಮಹಾರಾಜಾ ಕಾಲೇಜಿನ ಸುತ್ತ ಇಕ್ಕಟ್ಟಾಗಿದ್ದ ಸ್ನಾತಕೋತ್ತರ ವಿಭಾಗಗಳಿಗೆ ಹೊಸ ನೆಲೆ ಬೇಕೆಂದು ಅವರು ಹಟ ಹಿಡಿದಿದ್ದರು. ಕುಕ್ಕರಹಳ್ಳಿ ಕೆರೆಯ ಆಚೆಯ ಬಯಲು ಅವರ ಮನಸ್ಸಿನಲ್ಲಿತ್ತು. ಜಯಲಕ್ಷ್ಮಿ ವಿಲಾಸವನ್ನು ವಿಶ್ವವಿದ್ಯಾನಿಲಯ 10 ಲಕ್ಷ ರೂಪಾಯಿಗೆ ಕೊಂಡಿತು. ಮರುವರ್ಷ ಆ ನೆಲದಲ್ಲಿ ಎದ್ದ ವಿದ್ಯಾಕೇಂದ್ರಕ್ಕೆ ಕುವೆಂಪು ಇಟ್ಟ ಹೆಸರು ಮಾನಸಗಂಗೋತ್ರಿ. ಐವತ್ತು ವರ್ಷಗಳ ಹಿಂದೆ 7 ಲಕ್ಷಕ್ಕೆ ಕಟ್ಟಿದ ಮನೆ, ಅದರ ನೆಲ, ಅದರ ಕೆತ್ತನೆ ಎಲ್ಲ ಸೇರಿ ಆ ಬೆಲೆಗೆ ಸಿಕ್ಕಿದ್ದು ವಿಶ್ವವಿದ್ಯಾನಿಲಯದ ಭಾಗ್ಯ. ಮಲೆನಾಡಿನ ಒಕ್ಕಲು ಮನೆಯಲ್ಲಿ ಹುಟ್ಟಿದ ಕವಿಯೊಬ್ಬರ ರುಜುವಿನಿಂದ ರಾಜಕುಮಾರಿಯ ಮನೆ ಎಲ್ಲರ ಮಕ್ಕಳ ಶಾಲೆಯ ಅಂಗಳಕ್ಕೆ ಸೇರಿತು.

ಅದಕ್ಕಿಂತ ದೊಡ್ಡ ತಿರುವು ಇನ್ನೂ ಹತ್ತು ವರ್ಷಕ್ಕೆ ಬಂತು. 1966ರಲ್ಲಿ ದೇ. ಜವರೇಗೌಡರ ನೇತೃತ್ವದಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿತ್ತು. ಅಲ್ಲಿ ಜನಪದ ವಿಭಾಗ ಕಟ್ಟಿದವರು ಜೀ.ಶಂ. ಪರಮಶಿವಯ್ಯ. ಹಾಡು, ಕಥೆ ಬರೆದುಕೊಂಡರೆ ಸಾಲದು, ಹಾಡುವವರ ಕೈಯಲ್ಲಿದ್ದ ವಾದ್ಯ, ಉಣ್ಣುವ ಗಂಗಳ, ಬೀಸುವ ಕಲ್ಲು, ಕುಣಿಯುವ ಮುಖವಾಡ ಇವೂ ಉಳಿಯಬೇಕು ಎಂಬುದು ಅವರ ಹಂಬಲ. ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಜೊತೆಗೂಡಿದರು. ಜೋಳಿಗೆ ಹಾಕಿಕೊಂಡು ಊರೂರು ತಿರುಗಿ ಬೇಡಿ ತಂದ ಸಾಮಾನುಗಳಿಂದ 1960ರ ದಶಕದ ಕೊನೆಯಲ್ಲಿ ಜಾನಪದ ವಸ್ತುಸಂಗ್ರಹಾಲಯ ಮೈದಳೆಯಿತು. ಅದಕ್ಕೆ ಸಿಕ್ಕ ಮನೆ ಜಯಲಕ್ಷ್ಮಿ ವಿಲಾಸ. ಈಗ ಅಲ್ಲಿರುವ ವಸ್ತುಗಳು 6,500ಕ್ಕೂ ಹೆಚ್ಚು. ನೇಗಿಲು, ಕೂರಿಗೆ, ಕೊಳಗ, ಬಳ್ಳ. ತೊಗಲು ಗೊಂಬೆ, ಸೋಮನ ಮುಖ, ಯಕ್ಷಗಾನದ ಕಿರೀಟ, ಕರಾವಳಿಯ ಭೂತದ ಮೂರ್ತಿ, ಆಳೆತ್ತರದ ಮರದ ಗೊಂಬೆ, ಹೆಂಗಸರ ಕಡಗ ಕಾಲಂದುಗೆ. ರಾಜಕುಮಾರಿ ನಡೆದಾಡಿದ ಪಡಸಾಲೆಗಳಲ್ಲಿ ಇವು ಬಂದು ನೆಲೆಸಿದವು.

ನಮ್ಮ ಸೀಮೆಯವರಿಗೆ ಈ ಕೆಲಸ ಹತ್ತಿರದ್ದು. ಕಂಸಾಳೆ ಹಿಡಿದ ದೇವರಗುಡ್ಡರು ಮಲೆಯ ಮಾದಪ್ಪನ ಕಥೆ ಹಾಡುವ ನಾಡು ಇದು. ನೀಲಗಾರರು ತಂಬೂರಿ ಮೀಟಿ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಪವಾಡ ಹೇಳುವುದು, ಕರಡಿ ಕೂದಲ ಕುಲಾವಿ ತೊಟ್ಟ ಗೊರವರು ಡಮರುಗದ ಗತ್ತಿಗೆ ಕುಣಿಯುವುದು, ಬಿಳಿಗಿರಿರಂಗ ಸೋಲಿಗರ ಕುಸುಮಾಲೆಯನ್ನು ಕದ್ದೊಯ್ದ ಹಾಡು ಕಟ್ಟಿದ್ದು ಎಲ್ಲ ಇಲ್ಲಿಯೇ. ಮಾದಪ್ಪನ ಬೆಟ್ಟವಿದ್ದ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಾಡು ಒಂದಾದ ಮೇಲೆ ಮೈಸೂರಿನ ಜಾನಪದ ವಿದ್ವಾಂಸರು ಕಾಲಿಟ್ಟ ಮೊದಲ ನೆಲಗಳಲ್ಲಿ ಅದೂ ಒಂದು. ಪಿ.ಕೆ. ರಾಜಶೇಖರ ಮಾದೇಶ್ವರನ ಕಾವ್ಯವನ್ನು ಹಾಡುಗಾರರ ಬಾಯಿಂದ ಬರೆದುಕೊಂಡು 1970ರ ದಶಕದಲ್ಲಿ ಅಚ್ಚು ಹಾಕಿಸಿದಾಗ, ಅಷ್ಟು ದೊಡ್ಡ ಕಾವ್ಯ ಅಕ್ಷರ ಬಾರದವರ ನಾಲಿಗೆಯಲ್ಲಿತ್ತೇ ಎಂದು ವಿದ್ವಾಂಸರು ಬೆರಗಾದರು. ಕಂದಾಯ ಕಟ್ಟಿ ಅರಮನೆಗಳನ್ನು ಎಬ್ಬಿಸಿದ ಜನ ಇವರು. ಅವರ ಪೈಕಿ ಯಾರಿಗೂ 1905ರಲ್ಲಿ ಜಯಲಕ್ಷ್ಮಿ ವಿಲಾಸದ ಹೊಸ್ತಿಲು ದಾಟಲು ಅಪ್ಪಣೆಯಿರಲಿಲ್ಲ. ಅವರಂಥವರ ಕೊಳಗವೂ ನೇಗಿಲೂ ಅರವತ್ತು ವರ್ಷ ಕಳೆದ ಮೇಲೆ ಗಜಲಕ್ಷ್ಮಿಯ ಕೆಳಗಿನ ದೊಡ್ಡ ಬಾಗಿಲಿನಿಂದಲೇ ಒಳಗೆ ಹೋದವು. ಈ ಮನೆಯ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು.

ಆದರೆ ಮನೆ ಸೋರತೊಡಗಿತು. ವಿಶ್ವವಿದ್ಯಾನಿಲಯಕ್ಕೆ ಪಾಠ ಪ್ರವಚನದ ಖರ್ಚೇ ಹೊರಲಾರದ ಭಾರ, 125 ಕೋಣೆಗಳ ತಾರಸಿ ನೋಡಿಕೊಳ್ಳುವ ಹಣ ಎಲ್ಲಿಂದ ಬರಬೇಕು? ಒಂದು ಹಂತದಲ್ಲಿ ಪಾರಿವಾಳ, ಬಾವಲಿಗಳು ಮನೆ ಮಾಡಿಕೊಂಡವು. 2000ದ ದಶಕದ ಮೊದಲ ವರ್ಷಗಳಲ್ಲಿ ಇನ್ಫೋಸಿಸ್ ಪ್ರತಿಷ್ಠಾನ 1.17 ಕೋಟಿ ರೂಪಾಯಿ ಕೊಟ್ಟು ದುರಸ್ತಿ ಮಾಡಿಸಿತು. ಕಲ್ಯಾಣ ಮಂಟಪದ ಗಾಜು ಮತ್ತೆ ಬೆಳಗಿತು. ಹತ್ತು ಹದಿನೈದು ಮಳೆಗಾಲ ಕಳೆಯುವಷ್ಟರಲ್ಲಿ ತಾರಸಿ ಮತ್ತೆ ನೀರು ಕುಡಿಯಿತು. 2012ರಲ್ಲಿ ಅರಮನೆಯ ಬಳಿಯ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆಗ ಮೈಸೂರಿನವರಿಗೆ ತಮ್ಮ ಪಾರಂಪರಿಕ ಕಟ್ಟಡಗಳ ಒಳಗು ಎಷ್ಟು ಕೊಳೆತಿದೆಯೆಂಬುದು ತಿಳಿದು ದಿಗಿಲಾಯಿತು. ಹಳೆಯ ಸುಣ್ಣದ ಗೋಡೆಗೆ ಸಿಮೆಂಟಿನ ತೇಪೆ ಹಾಕುವುದು ಇಂಥ ಕಡೆಗಳಲ್ಲಿ ನಡೆಯುವ ದೊಡ್ಡ ತಪ್ಪು. ಸುಣ್ಣ ಉಸಿರಾಡುತ್ತದೆ, ಸಿಮೆಂಟು ಉಸಿರು ಕಟ್ಟಿಸುತ್ತದೆ. ತೇವ ಹೊರಗೆ ಹೋಗಲಾರದೆ ಒಳಗಿನ ಮರವನ್ನೇ ತಿನ್ನುತ್ತದೆ. ಗಾಣದಲ್ಲಿ ಸುಣ್ಣ ಅರೆಯಲು, ತಾರಸಿ ಬಡಿಯಲು ಬಲ್ಲವರನ್ನು ಹುಡುಕಿ ತಂದು, ನಿಧಾನವಾಗಿ ಮಾಡಿಸಬೇಕಾದ ಕೆಲಸ ಇದು.

ಈಚಿನ ವರ್ಷಗಳಲ್ಲಿ ಅಮೆರಿಕದ ರಾಯಭಾರಿಗಳ ಸಂಸ್ಕೃತಿ ಸಂರಕ್ಷಣಾ ನಿಧಿಯ ನೆರವು ದೊರೆತು, ಡೆಕ್ಕನ್ ಹೆರಿಟೇಜ್ ಪ್ರತಿಷ್ಠಾನದ ಮೂಲಕ ಪಶ್ಚಿಮ ಭಾಗದ ಮತ್ತು ಜಾನಪದ ಸಂಗ್ರಹದ ಜೀರ್ಣೋದ್ಧಾರಕ್ಕೆ ಚಾಲನೆ ಸಿಕ್ಕಿದೆ. ಕಟ್ಟಡದ ಜೊತೆಗೆ ಒಳಗಿನ ಸಾಮಾನುಗಳಿಗೂ ಅಷ್ಟೇ ಕಾಳಜಿ ಬೇಕು. ತೊಗಲು ತೇವದಲ್ಲಿ ಬೂಷ್ಟು ಹಿಡಿಯುತ್ತದೆ, ಬಿದಿರಿಗೆ ಕುಟ್ಟೆ ಹತ್ತುತ್ತದೆ. ಒಂದೊಂದು ವಸ್ತುವಿಗೂ ಅದರ ಊರು, ಅದನ್ನು ಬಳಸಿದ ಒಕ್ಕಲು, ಅದರ ಜೊತೆಗಿದ್ದ ಹಾಡು ಇಷ್ಟೂ ದಾಖಲಾಗಬೇಕು, ಅದನ್ನು ಬಲ್ಲ ಹಿರಿಯರು ಬದುಕಿರುವಾಗಲೇ. 1997ರಲ್ಲಿ ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಮಾನಸಗಂಗೋತ್ರಿಯ ಕವಲಾಗಿದ್ದ ಅಲ್ಲಿನ ಸ್ನಾತಕೋತ್ತರ ಕೇಂದ್ರ 2023ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಕಂಸಾಳೆಯವರ, ನೀಲಗಾರರ, ಸೋಲಿಗರ ಮೊಮ್ಮಕ್ಕಳು ಈಗ ಅಲ್ಲಿ ಓದುತ್ತಿದ್ದಾರೆ. ಜಯಲಕ್ಷ್ಮಿ ವಿಲಾಸದ ಪಟ್ಟಿ ತಯಾರಿಸುವ ಕೆಲಸಕ್ಕೆ ಮೊದಲು ಕರೆಯಬೇಕಾದವರು ಅವರು.